ಮೂವತ್ತೊಂದು ಫೋನುಗಳ ಕಪಾಟು

ಕನ್ನಡಕದಂಗಡಿಯ ನನ್ನ ತಂಗಿಗೆ,

ಒಂದೇ ಊರಿನಲ್ಲಿದ್ದು, ಪ್ರತಿ ಗುರುವಾರ ಒಂದೇ ಮೇಜಿನ ಆಚೆ ಈಚೆ ನಿಂತು ಈರುಳ್ಳಿ ಹೆಚ್ಚುವ ಇಬ್ಬರ ನಡುವೆ ಕಾಗದ ಯಾಕೆ ಎಂದು ನೀನು ಹುಬ್ಬೇರಿಸುತ್ತೀಯ, ಗೊತ್ತು. ಆದರೆ ನನ್ನ ಬಾಯಿಯ ಕಥೆ ನಿನಗೂ ಗೊತ್ತಿದೆ. ಮೂವತ್ತು ವರ್ಷ ರೈಲ್ವೆ ಟಿಕೆಟ್ ಕೌಂಟರಿನ ಕಿಂಡಿಯ ಹಿಂದೆ ಕೂತು "ಚಿಲ್ಲರೆ ಕೊಡಿ, ಮುಂದಿನವರು ಬನ್ನಿ" ಎಂದು ಗದರಿದ ಬಾಯಿ ಅದು. ಗದರಲು ಚೆನ್ನಾಗಿ ಬರುತ್ತದೆ. ಉಪಕಾರ ಸ್ಮರಿಸಲು ಹೊರಟರೆ ನಾಲಿಗೆ ತಡವರಿಸುತ್ತದೆ. ನಿನ್ನೆದುರು ನಿಂತು ಹೇಳಲು ಮೂರು ಗುರುವಾರ ಪ್ರಯತ್ನಪಟ್ಟೆ, ಮೂರು ಸಲವೂ ಬಟಾಣಿ ಸುಲಿದಾಯಿತಾ ಎಂದು ಮಾತು ತಿರುಗಿಸಿಬಿಟ್ಟೆ. ಕಾಗದದಲ್ಲಾದರೆ ತಪ್ಪಿಸಿಕೊಂಡು ಓಡುವಂತಿಲ್ಲ. ಅದಕ್ಕೇ ಬೆಳಿಗ್ಗೆ ಚಹಾ ಮುಗಿಸಿದವಳೇ ಬರೆಯಲು ಕೂತೆ. ನಿನಗೆ ಗೊತ್ತಿರುವುದನ್ನೂ ಬರೆಯುತ್ತೇನೆ, ಬೇಸರಪಡಬೇಡ. ನಡುವೆ ಏನಾದರೂ ಬಿಟ್ಟರೆ ಮತ್ತೆ ಮುಚ್ಚಿಟ್ಟ ಹಾಗಾಗುತ್ತದೆ.

ನಿವೃತ್ತಿಯಾದ ಮೇಲೆ ಮನೆಯಲ್ಲಿ ಕೂರಲಾರದೆ ದಿಬ್ಬದ ಮೇಲಿನ ಬೌದ್ಧ ಸಂಘಕ್ಕೆ ಬಂದವಳು ನಾನು. ಹಳೆಯ ನೂಲಿನ ಗೋದಾಮನ್ನು ಸುಣ್ಣ ಬಳಿದು ಧ್ಯಾನದ ಹಾಲ್ ಮಾಡಿಕೊಂಡಿದ್ದರು. ನಾವೆಲ್ಲ ದೊಡ್ಡಮ್ಮ ಎಂದು ಕರೆಯುವ ಹಿರಿಯ ಭಿಕ್ಷುಣಿ ಒಂದು ವಾರ ನನ್ನನ್ನು ಗಮನಿಸಿ, "ನಿಂಗೆ ಕೂತು ಧ್ಯಾನ ಮಾಡೋದಕ್ಕಿಂತ ಬೇರೆಯೋರನ್ನ ಕೂರಿಸೋದು ಚೆನ್ನಾಗಿ ಬರುತ್ತೆ" ಎಂದು ನಕ್ಕು ಶಿಬಿರಗಳ ವ್ಯವಸ್ಥೆಯನ್ನು ನನಗೆ ಒಪ್ಪಿಸಿದರು. ಹತ್ತು ದಿನದ ಮೌನ ಶಿಬಿರ. ಬಂದವರು ಫೋನು ನನ್ನ ಕೈಗೆ ಕೊಡಬೇಕು. ನಾನು ಹೆಸರಿನ ಚೀಟಿ ಅಂಟಿಸಿ ಆಫೀಸಿನ ಕಪಾಟಿನಲ್ಲಿಟ್ಟು ಬೀಗ ಹಾಕಬೇಕು. ಬೀಗ, ಚೀಟಿ, ಸಾಲು, ಇವೆಲ್ಲ ನನ್ನ ರಕ್ತದಲ್ಲೇ ಇದ್ದದ್ದು. ಚಮಚ ತಟ್ಟೆಗೆ ತಾಗಿದರೆ ಶ್ಶ್, ಚಪ್ಪಲಿ ಎಳೆದರೆ ಶ್ಶ್. ಯಾರೋ ಸೀನಿದಾಗಲೂ ಶ್ಶ್ ಎಂದಿದ್ದೇನಂತೆ. ಶಿಬಿರಕ್ಕೆ ಬಂದವರೆಲ್ಲ ಬೆನ್ನ ಹಿಂದೆ ನನ್ನನ್ನು ಶ್ಶ್ ಅಕ್ಕ ಎನ್ನುತ್ತಿದ್ದರು. ಅದನ್ನು ಕೇಳಿ ಒಳಗೊಳಗೇ ಹೆಮ್ಮೆಪಟ್ಟವಳು ನಾನು.

ನಿನ್ನನ್ನು ಶಿಬಿರಕ್ಕೆ ಕರೆತಂದು ಬಿಟ್ಟವನು ನಿನ್ನ ಅಣ್ಣ. ಸ್ಕೂಟರ್ ಸ್ಟ್ಯಾಂಡ್ ಹಾಕದೆ ಒಂದು ಕಾಲು ನೆಲಕ್ಕೂರಿ ನಿಂತಿದ್ದ. "ಅಕ್ಕ, ಇವಳು ಹತ್ತು ದಿನ ಬಾಯಿ ಮುಚ್ಕೊಂಡಿದ್ರೆ ನಿಮ್ಮ ಗೇಟಿಗೆ ನಾನೇ ಬಣ್ಣ ಹೊಡೀತೀನಿ" ಎಂದ. ನೀನು ಅವನ ಬೆನ್ನಿಗೆ ಒಂದು ಗುದ್ದು ಹಾಕಿದೆ. ಅಂಗಡಿಯನ್ನು ಅವನೊಬ್ಬನ ಮೇಲೆ ಬಿಟ್ಟು ಬರಲು ನಿನಗೆ ಮನಸ್ಸಿರಲಿಲ್ಲ. ಎರಡು ವರ್ಷದಿಂದ ಒಂದು ದಿನವೂ ರಜೆಯಿಲ್ಲದೆ ಕನ್ನಡಕ ತಿಕ್ಕಿ ತಿಕ್ಕಿ ಸುಸ್ತಾಗಿದ್ದೀಯ, ಹೋಗಿ ಸುಮ್ಮನೆ ಕೂತು ಬಾ ಎಂದು ಅವನೇ ಹಠ ಹಿಡಿದು ಹೆಸರು ಬರೆಸಿದ್ದನಂತೆ. ನೀಲಿ ಕವರಿನ ನಿನ್ನ ಫೋನನ್ನು ನಾನು ಮೂರನೆಯ ಹಲಗೆಯ ಮೇಲಿಟ್ಟೆ.

ಶಿಬಿರದ ಮೂರನೆಯ ದಿನ ಮಧ್ಯಾಹ್ನ ನದಿಯ ಒಡ್ಡು ಒಡೆಯಿತು. ದಿಬ್ಬದ ಮೇಲೆ ನಮಗೇನೂ ಗೊತ್ತಿಲ್ಲ. ನಮ್ಮ ಹಾಲಿನ ಕಿಟಕಿಗಳು ಊರಿಗೆ ಬೆನ್ನು ಮಾಡಿವೆ. ಆಕಾಶದಿಂದ ನಾಲ್ಕು ಹನಿ ಉದುರಿದ್ದು ಬಿಟ್ಟರೆ ಮಳೆಯೂ ಇಲ್ಲ. ಜೋರು ಮಳೆ ಬಿದ್ದದ್ದೆಲ್ಲ ನದಿಯ ಮೇಲ್ಭಾಗದಲ್ಲಂತೆ. ತುರ್ತಿಗೆಂದು ಇಟ್ಟಿದ್ದ ಆಫೀಸ್ ಫೋನಿನ ತಂತಿ ಆಗಲೇ ನೀರಿನಲ್ಲಿ ಸತ್ತಿತ್ತು, ನಾನು ಅದನ್ನು ಎತ್ತಿ ನೋಡಿರಲಿಲ್ಲ. ಎರಡೂಕಾಲಿಗೆ ಸರಿಯಾಗಿ ನೀವು ಮೂವತ್ತು ಜನ ಒಳಗೆ ಕಣ್ಣು ಮುಚ್ಚಿ ಕೂತಿದ್ದಾಗ ಕಪಾಟಿನೊಳಗೆ ಒಂದು ಫೋನು ಗುರ್ ಎಂದಿತು. ಹಿಂದೆಯೇ ಇನ್ನೊಂದು. ಆಫ್ ಮಾಡಿ ಕೊಡಿ ಎಂದು ಎಷ್ಟು ಬಡಿದುಕೊಂಡರೂ ಅರ್ಧದಷ್ಟು ಜನ ಬರೀ ಸದ್ದು ತಗ್ಗಿಸಿ ಕೊಡುತ್ತಾರೆ. ಕಪಾಟಿಗೂ ಹಾಲಿಗೂ ನಡುವೆ ಇದ್ದದ್ದು ಒಂದು ಮರದ ಗೋಡೆ. ಗುರ್, ಗುರ್, ಗುರ್. ನನಗೆ ಬಂದದ್ದು ಭಯವಲ್ಲ ತಂಗಿ, ಸಿಟ್ಟು.

ಒಂದೇ ಒಂದು ಫೋನಿನ ಮುಖ ನೋಡಿದ್ದರೆ ಸಾಕಿತ್ತು. ಇಷ್ಟು ಫೋನು ಒಟ್ಟಿಗೆ ಯಾಕೆ ಬಡಿದುಕೊಳ್ಳುತ್ತಿವೆ ಎಂದು ಸಣ್ಣ ಮಗುವಿಗೂ ಅನ್ನಿಸುತ್ತಿತ್ತು. ಆದರೆ ಶಿಬಿರಾರ್ಥಿಗಳ ಫೋನು ಯಾರೂ ನೋಡಬಾರದು ಎನ್ನುವುದು ನಾನೇ ಮಾಡಿದ ನಿಯಮ. ನನ್ನ ಫೋನೂ ಅದೇ ಕಪಾಟಿನಲ್ಲಿ ಮೂವತ್ತೊಂದನೆಯದಾಗಿ ಬೀಗದೊಳಗಿತ್ತು, ನಿಯಮ ಎಂದರೆ ಎಲ್ಲರಿಗೂ ನಿಯಮ ಎಂದು ತೋರಿಸಿಕೊಳ್ಳಲು. ಬೀಗ ತೆಗೆದೆ. ಧ್ಯಾನಕ್ಕೆ ಕೂರುವ ದಿಂಬು ಎಂಟು ತಂದು ಹಲಗೆಗಳಿಗೆ ತುರುಕಿದೆ, ಮೇಲೊಂದು ಕಂಬಳಿ ಜಡಿದೆ, ಬಾಗಿಲು ಒತ್ತಿ ಮತ್ತೆ ಬೀಗ ಹಾಕಿದೆ. ಸದ್ದು ನಿಂತಿತು. ಹಾಲಿನಲ್ಲಿ ಒಬ್ಬರೂ ಮಿಸುಕಲಿಲ್ಲ. ನಾನು ಚಹಾ ಬಗ್ಗಿಸಿಕೊಂಡು ಕೂತೆ, ದೊಡ್ಡಮ್ಮ ಇದನ್ನು ಕೇಳಿದರೆ ಮೆಚ್ಚಿಕೊಳ್ಳುತ್ತಾರೆ ಎಂದುಕೊಂಡೆ.

ಮೂರೂವರೆಗೆ ಗೇಟಿನ ಬಳಿ ಯಾರೋ ಕಿರುಚಿದರು. ಹೋಗಿ ನೋಡಿದರೆ ಕೆಳಗಿನ ಬೀದಿಯ ಮಸೀದಿಯ ಇಮಾಮರು. ಸೊಂಟದವರೆಗೆ ಕೆಸರು, ಒಂದು ಕಾಲಿನಲ್ಲಿ ಮಾತ್ರ ಚಪ್ಪಲಿ. ರಸ್ತೆ ಕೊಚ್ಚಿಹೋಗಿದ್ದರಿಂದ ಗಿಡಗಂಟಿ ಹಿಡಿದುಕೊಂಡು ದಿಬ್ಬ ಹತ್ತಿದ್ದರು. ನಾನೇನು ಮಾಡಿದೆ ಗೊತ್ತಲ್ಲ? ಇಡೀ ಊರಿಗೆ ಗೊತ್ತು. ತುಟಿಯ ಮೇಲೆ ಬೆರಳಿಟ್ಟು ಶ್ಶ್ ಎಂದೆ. 'ಮೌನ ಕಾಪಾಡಿ' ಬೋರ್ಡು ತೋರಿಸಿದೆ. ಸೊಂಟದಿಂದ ಚೀಟಿ, ಪೆನ್ಸಿಲ್ಲು ತೆಗೆದು ಅವರ ಕೈಗೆ ಕೊಟ್ಟೆ. ಪಾಪ, ಅವರು ನನ್ನ ಮುಖವನ್ನೇ ಒಂದು ಕ್ಷಣ ನೋಡಿ, ಆ ಚೀಟಿಯನ್ನು ಗೇಟಿನ ಕಂಬಕ್ಕೊತ್ತಿ ಬರೆದರು: 'ಊರಿಗೆ ನೀರು ನುಗ್ಗಿದೆ. ನಿಮ್ಮ ಹಾಲ್ ಬೇಕು.' ಇವತ್ತಿಗೂ ಎಲ್ಲರೆದುರು ಅದನ್ನೇ ಹೇಳಿ ನನ್ನ ಮಾನ ಕಳೆಯುತ್ತಾರೆ. "ದಿನಕ್ಕೆ ಐದು ಸಲ ಗಂಟಲು ಬಿಚ್ಚಿ ಊರು ಕರೆಯೋನು ನಾನು, ಈಯಮ್ಮ ನನ್ನ ಕೈಲಿ ಪರೀಕ್ಷೆ ಬರೆಸಿದ್ರು!"

ಆಮೇಲಿನದು ನೀನು ಕಂಡದ್ದೇ. ದೊಡ್ಡಮ್ಮ ಗಂಟೆ ಬಾರಿಸಿ ಎಲ್ಲರನ್ನೂ ಎಬ್ಬಿಸಿ, "ಧ್ಯಾನ ಮುಗೀತು, ಕೆಲಸ ಶುರು" ಎಂದರು. ನಾನು ದಿಂಬು ಕಿತ್ತೆಸೆದು ಒಂದೊಂದೇ ಫೋನು ಕೊಡುತ್ತಾ ಬಂದೆ. ನಿನ್ನದನ್ನು ಎತ್ತಿದಾಗ ಕಣ್ಣಿಗೆ ಬಿತ್ತು, 'ಅಣ್ಣ, ಹನ್ನೊಂದು ಕರೆಗಳು.' ನೀನು ವಾಪಸ್ಸು ಫೋನು ಹಚ್ಚಿದೆ. ಹೋಗಲಿಲ್ಲ. ಮತ್ತೆ ಹಚ್ಚಿದೆ. ಆಗ ನನ್ನ ಕಡೆ ತಿರುಗಿ, "ಅಕ್ಕ, ಹನ್ನೊಂದು ಸಲ ಮಾಡಿದಾನೆ. ನಿಮಗೆ ಸದ್ದು ಕೇಳಿಸ್ಲಿಲ್ವಾ?" ಎಂದೆ.

ಇಲ್ಲಮ್ಮ, ಕೇಳಿಸಲಿಲ್ಲ ಎಂದೆ ನಾನು. ದಿಂಬು ತುರುಕಿದ್ದು ದಡ್ಡತನ. ಈ ಮಾತು ದಡ್ಡತನವಲ್ಲ, ಸುಳ್ಳು. ನೀನು ಅದನ್ನು ನಂಬಿ ದಿಬ್ಬದಿಂದ ಓಡಿ ಇಳಿದೆ.

ಅಣ್ಣ ಸಿಕ್ಕಿದ್ದು ಮೂರು ದಿನಗಳ ಮೇಲೆ. ಅಂಗಡಿಯಲ್ಲಿ ತಯಾರಾಗಿ ಗಿರಾಕಿಗಳಿಗಾಗಿ ಕಾಯುತ್ತಿದ್ದ ಕನ್ನಡಕಗಳ ಆರು ಟ್ರೇಗಳಲ್ಲಿ ಐದನ್ನು ಮಹಡಿಗೆ ಸಾಗಿಸಿದ್ದನಂತೆ. ಆರನೆಯದಕ್ಕೆ ಇಳಿದಾಗ ಪಕ್ಕದ ಗೋಡೆ ಬಿತ್ತು. ನಾನು ನಿನ್ನನ್ನು ಎಬ್ಬಿಸಿದ್ದರೆ ಅವನು ಉಳಿಯುತ್ತಿದ್ದನೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಬಿಟ್ಟು ಓಡು ಎಂದು ನೀನು ಬೈದಿದ್ದರೆ ಓಡುತ್ತಿದ್ದನೋ ಏನೋ. ಅವನ ದನಿಯಂತೂ ನಿನಗೆ ಸಿಗುತ್ತಿತ್ತು. ಅದನ್ನು ನಾನು ತಿಂದುಹಾಕಿದೆ.

ಅವನ ಮಣ್ಣಾದ ನಾಲ್ಕನೆಯ ದಿನ ನೀನು ಆ ಐದು ಟ್ರೇಗಳನ್ನು ಹೊರಿಸಿಕೊಂಡು ದಿಬ್ಬ ಹತ್ತಿ ಬಂದೆಯಲ್ಲ, ಅದನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ಆಗ ಹಾಲಿನಲ್ಲಿ ಇನ್ನೂರು ಚಿಲ್ಲರೆ ಜನ. ಒಂದು ಮೂಲೆಯಲ್ಲಿ ಇಮಾಮರ ನಮಾಜು, ಇನ್ನೊಂದು ಮೂಲೆಯಲ್ಲಿ ಚರ್ಚಿನ ಪಾಸ್ಟರಮ್ಮ ಮಕ್ಕಳಿಗೆ ಹಾಡು ಹೇಳಿಕೊಡುತ್ತಿದ್ದರು, ನಡುವೆ ದೊಡ್ಡಮ್ಮ ಯಾರದೋ ಕೂಸಿಗೆ ಬಟ್ಟೆ ಬದಲಾಯಿಸುತ್ತಿದ್ದರು. ದೇವರನ್ನೇ ನಂಬದ ಬಸ್ ಡ್ರೈವರೊಬ್ಬ ಮೂವರಿಗೂ ಚಹಾ ಹಂಚುತ್ತಿದ್ದ. ಅರ್ಧ ಜನರ ಕನ್ನಡಕ ನೀರುಪಾಲಾಗಿತ್ತು. ನೀನು ಟ್ರೇ ಬಿಚ್ಚಿ ಒಂದೊಂದೇ ಹೆಸರು ಓದಿದೆ. ಹೊಸ ಕನ್ನಡಕಕ್ಕೆ ಕೊಟ್ಟಿದ್ದವರು ಎದ್ದು ಬಂದು ಹಾಕಿಕೊಂಡರು. ಇಮಾಮರದೂ ಅದರಲ್ಲಿತ್ತು. ಅವರು ಹಾಕಿಕೊಂಡು ಸುತ್ತ ನೋಡಿ ನಗಲು ಹೋದವರು ನಿನ್ನ ಮುಖ ಕಂಡು ತಲೆ ತಗ್ಗಿಸಿದರು. ನಾನು ಪಾತ್ರೆ ತೊಳೆಯುವ ನೆಪದಲ್ಲಿ ಅಲ್ಲಿಂದ ಜಾರಿಕೊಂಡೆ.

ನೀರು ಇಳಿದು ಜನ ಮನೆಗೆ ಮರಳಿದ ಮೇಲೆ ಮೂರೂ ಕಡೆಯವರು ಸೇರಿ ತಿಂಗಳಿಗೊಂದು ಶಿಬಿರ ಶುರುಮಾಡಿದರು. ಒಂದು ತಿಂಗಳು ನಮ್ಮ ಹಾಲ್, ಒಂದು ತಿಂಗಳು ಚರ್ಚಿನ ಸಭಾಂಗಣ, ಒಂದು ತಿಂಗಳು ಮಸೀದಿಯ ಮಹಡಿ. ದೊಡ್ಡಮ್ಮ ಇಟ್ಟ ಕಟ್ಟಳೆ ಒಂದೇ. ಇಬ್ಬಿಬ್ಬರು ಎದುರುಬದುರು ಕೂರಬೇಕು. ಒಬ್ಬರು ಹತ್ತು ನಿಮಿಷ ಮನಸ್ಸಿಗೆ ಬಂದದ್ದು ಹೇಳಬೇಕು, ಇನ್ನೊಬ್ಬರು ಬರೀ ಕೇಳಬೇಕು. ಸಮಾಧಾನ ಹೇಳುವಂತಿಲ್ಲ, ಬುದ್ಧಿ ಹೇಳುವಂತಿಲ್ಲ, ಬೆನ್ನು ಸವರುವಂತಿಲ್ಲ. ಗಂಟೆ ಬಾರಿಸಿದ ಮೇಲೆ ಅದಲುಬದಲು. ಇಮಾಮರು, ಪಾಸ್ಟರಮ್ಮ ಇಬ್ಬರೂ ಮೊದಲು ದೊಡ್ಡಮ್ಮನ ಹತ್ತಿರ ಕಲಿಯಲು ಬಂದರು. ಇಮಾಮರು ಬಾಯಿ ಹಿಡಿಯಲಾಗದೆ ಎರಡು ಸಲ ಫೇಲಾದರು. "ಕೇಳೋದು ಇಷ್ಟು ಕಷ್ಟ ಅಂತ ಗೊತ್ತಿದ್ರೆ ನನ್ನ ಪ್ರವಚನ ಕೇಳೋರ ಮೇಲೆ ಇನ್ನೂ ಸ್ವಲ್ಪ ಕನಿಕರ ಇರ್ತಿತ್ತು" ಎಂದರು.

ಅಷ್ಟರಲ್ಲಿ ನನ್ನೊಳಗಿನ ವಿಷಯ ನನ್ನನ್ನೇ ತಿನ್ನುತ್ತಿತ್ತು. ದೊಡ್ಡಮ್ಮನಿಗೆ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡು, "ಯಾರಿಗೆ ಹೇಳ್ಬೇಕೋ ಅವರನ್ನ ಬಿಟ್ಟು ನಂಗ್ಯಾಕೆ ಹೇಳ್ತಿದೀಯ?" ಎಂದರು. ಇಮಾಮರಿಗೆ ಹೇಳಿದೆ. "ಕ್ಷಮೆ ಕೊಡೋ ಹಕ್ಕು ನಂದಲ್ಲಮ್ಮ. ಅಂಗಡಿ ಬಾಗಿಲ ತನಕ ಜೊತೆಗೆ ಬರ್ತೀನಿ, ಒಳಗೆ ನೀವೇ ಹೋಗ್ಬೇಕು" ಎಂದರು. ಬಂದರು ಕೂಡ. ಒಂದಲ್ಲ, ನಾಲ್ಕು ಸಲ. ನಾಲ್ಕು ಸಲವೂ ಒಳಗೆ ಬಂದು ನಾನು ನನ್ನ ಕನ್ನಡಕದ ತಿರುಪು ಬಿಗಿ ಮಾಡಿಸಿಕೊಂಡು ಹೋದೆ. "ಅಕ್ಕ, ಇನ್ನು ಬಿಗಿ ಮಾಡಿದ್ರೆ ಕಡ್ಡಿ ಮುರಿದ್ಹೋಗುತ್ತೆ" ಎಂದೆ ನೀನು. ಹೊರಗೆ ಕಟ್ಟೆಯ ಮೇಲೆ ಕಾದು ಕೂತಿದ್ದ ಇಮಾಮರು ನನ್ನ ಮುಖ ನೋಡಿ ನಿಟ್ಟುಸಿರು ಬಿಡುತ್ತಿದ್ದರು.

ಐದನೆಯ ಶಿಬಿರ, ಚರ್ಚಿನ ಸಭಾಂಗಣದಲ್ಲಿ. ಜೋಡಿಗಳನ್ನು ಆರಿಸಲು ಪಾಸ್ಟರಮ್ಮನ ಹುಲ್ಲಿನ ಟೋಪಿಯಲ್ಲಿ ಚೀಟಿ ಹಾಕಿದ್ದರು. ನನ್ನ ಕೈಗೆ ನಿನ್ನ ಹೆಸರು ಬಂತು. ಯಾರಿಗೂ ಕಾಣದಂತೆ ಅದನ್ನು ವಾಪಸ್ಸು ಹಾಕಿ ಬೇರೆ ಎತ್ತಬಹುದಿತ್ತು. ಬೆರಳು ಟೋಪಿಯವರೆಗೂ ಹೋಗಿತ್ತು. ಆದರೆ ಸಾಕಾಗಿತ್ತು ತಂಗಿ, ಬಚ್ಚಿಟ್ಟು ಬಚ್ಚಿಟ್ಟು ಸಾಕಾಗಿತ್ತು. ಕೂತು ಎಲ್ಲ ಹೇಳಿದೆ. ಫೋನು ಗುರ್ ಎಂದದ್ದು, ದಿಂಬು ತುರುಕಿದ್ದು, ಚಹಾ ಕುಡಿದದ್ದು, ಕೇಳಿಸಲಿಲ್ಲ ಎಂದದ್ದು. ನೀನು ಕಟ್ಟಳೆಯಂತೆ ಒಂದು ಮಾತೂ ಆಡಲಿಲ್ಲ. ಗಂಟೆ ಹೊಡೆಯಿತು. ನಿನ್ನ ಹತ್ತು ನಿಮಿಷ ಶುರುವಾಯಿತು. ನೀನು ಆಗಲೂ ಮಾತಾಡಲಿಲ್ಲ. ಸುತ್ತ ಇಪ್ಪತ್ತು ಜೋಡಿಗಳು ಗುಸುಗುಸು ಎನ್ನುತ್ತಿದ್ದರೆ ನೀನು ನನ್ನ ಮುಖವನ್ನೇ ನೋಡುತ್ತಾ ಹತ್ತು ನಿಮಿಷ ಸುಮ್ಮನೆ ಕೂತೆ. ಕೇಳಬೇಕಾದ ಸರದಿ ನನ್ನದು, ಎದ್ದುಹೋಗುವಂತಿಲ್ಲ. ಅಷ್ಟು ವರ್ಷ ಎಲ್ಲರ ಬಾಯಿ ಮುಚ್ಚಿಸಿದವಳಿಗೆ ಆವತ್ತು ಯಾರಾದರೂ ಸ್ವಲ್ಪ ಸದ್ದು ಮಾಡಿದರೆ ಸಾಕು ಎನ್ನಿಸಿತ್ತು. ಎರಡನೆಯ ಸಲ ಗಂಟೆ ಹೊಡೆದಾಗ ನೀನೆದ್ದು ಚೀಲವನ್ನೂ ಮರೆತು ಹೊರಟುಹೋದೆ.

ಐದು ತಿಂಗಳು ನಿನ್ನ ಸುಳಿವಿಲ್ಲ. ಚೀಲವನ್ನು ಇಮಾಮರು ತಂದು ಮುಟ್ಟಿಸಿದರು. ನಾನು ವ್ಯವಸ್ಥೆಯ ಕೆಲಸ ಬಿಡುತ್ತೇನೆಂದು ದೊಡ್ಡಮ್ಮನಿಗೆ ಬೀಗದ ಕೈ ಕೊಟ್ಟೆ. ಅವರು ಇಸಿದುಕೊಂಡು, "ಸರಿ. ಗುರುವಾರ ಈರುಳ್ಳಿ ಹೆಚ್ಚೋಕೆ ಮಾತ್ರ ತಪ್ಪಿಸ್ಬೇಡ" ಎಂದರು. ಮನೆ ಇನ್ನೂ ಎದ್ದಿರದವರಿಗೆ ಗುರುವಾರದ ಊಟ ನಮ್ಮ ಅಡುಗೆಮನೆಯಿಂದ ಹೋಗುತ್ತಿತ್ತಲ್ಲ, ಅದಕ್ಕೆ. ವಿಷಯ ಹೊರಬಿದ್ದ ಮೇಲೆ ಎಲ್ಲರೂ ನನಗೆ ಸಮಾಧಾನ ಹೇಳುವವರೇ. ಪಾಸ್ಟರಮ್ಮ ತಬ್ಬಿಕೊಂಡರು, ಡ್ರೈವರ್ ಆದದ್ದಾಯಿತು ಬಿಡಿ ಎಂದ. ಒಬ್ಬರ ಮಾತೂ ನನಗೆ ತಟ್ಟಲಿಲ್ಲ. ಅವರದ್ದಲ್ಲದ ಗಾಯವನ್ನು ಅವರು ಮಾಯಿತು ಎನ್ನುತ್ತಿದ್ದರು.

ಹೀಗಿರುವಾಗ ಒಂದು ಗುರುವಾರ ಬೆಳಿಗ್ಗೆ ನೀನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. "ನಾನು ನಿಮ್ಮನ್ನ ಕ್ಷಮಿಸಿಲ್ಲ. ಮುಂದೆ ಕ್ಷಮಿಸ್ತೀನೋ ಇಲ್ವೋ, ಅದೂ ಗೊತ್ತಿಲ್ಲ. ಚಾಕು ಎಲ್ಲಿದೆ?" ಎಂದೆ.

ಈ ಕಾಗದ ಬರೆಯುತ್ತಿರುವುದೇ ಆ ಮಾತಿಗೆ ಕೈಮುಗಿಯಲು. ನೀನು ನನ್ನನ್ನು ಕ್ಷಮಿಸಿದಂತೆ ನಟಿಸಿದ್ದರೆ ನಾನು ನಿನ್ನ ಕಣ್ಣು ತಪ್ಪಿಸಿಕೊಂಡೇ ಬದುಕುತ್ತಿದ್ದೆ. ಬೈದು ದೂರವಿಟ್ಟಿದ್ದರೂ ಹಾಗೆಯೇ. ನೀನು ಎರಡೂ ಮಾಡಲಿಲ್ಲ. ಕ್ಷಮಿಸದೆಯೇ ನನ್ನ ಪಕ್ಕ ನಿಂತು ಕ್ಯಾರೆಟ್ ಹೆಚ್ಚಿದೆ. ನನ್ನ ಹೋಳು ದಪ್ಪವಾಯಿತು ಎಂದು ರೇಗಿದೆ. ಚಳಿಗಾಲದಲ್ಲಿ ನನಗೆ ಕೆಮ್ಮು ಹಿಡಿದಾಗ ಮುಖ ಸಿಂಡರಿಸಿಕೊಂಡೇ ಔಷಧದ ಬಾಟಲಿ ತಂದು ಮೇಜಿನ ಮೇಲೆ ಕುಕ್ಕಿದೆ. ಒಂದು ವರ್ಷದ ಮೇಲೆ ಎರಡು ತಿಂಗಳು ಹೀಗೆ. ನನ್ನ ಜೊತೆ ಇಷ್ಟು ಪ್ರಾಮಾಣಿಕವಾಗಿ ಯಾರೂ ಇದ್ದಿಲ್ಲ, ನನ್ನ ಗಂಡನೂ ಇರಲಿಲ್ಲ, ಆತ ಹೋದಮೇಲೆ ಹೇಳುತ್ತಿದ್ದೇನೆ.

ಆಮೇಲೆ ಆ ಒಂದು ಗುರುವಾರ. ಈರುಳ್ಳಿಯ ಬುಟ್ಟಿ ಅರ್ಧವಾಗಿತ್ತು. ತಲೆ ಎತ್ತದೆ ಕೇಳಿದೆ ನೀನು, "ಅದು ಹೇಗೆ ಹೊಡ್ಕೋತಿತ್ತು? ನನ್ನ ಫೋನು. ಸರಿಯಾಗಿ ಹೇಳಿ." ನನ್ನ ಚಾಕು ನಿಂತಿತು. ಹೇಳಿದೆ. ಮೂರನೆಯ ಹಲಗೆ, ನೀಲಿ ಕವರು. ಬೇರೆ ಫೋನುಗಳು ಗುರ್ ಎಂದು ಸುಮ್ಮನಾಗುತ್ತಿದ್ದವು, ನಿನ್ನದು ಬಿಡುತ್ತಲೇ ಇರಲಿಲ್ಲ. ಒಂದು ಮುಗಿದು ಉಸಿರೆಳೆದುಕೊಳ್ಳುವಷ್ಟರಲ್ಲಿ ಇನ್ನೊಂದು. ಅದುರಿ ಅದುರಿ ಹಲಗೆಯ ಮೇಲೆ ತಾನೇ ಜರುಗುತ್ತಾ ಪಕ್ಕದವರ ಫೋನಿಗೆ ಹೋಗಿ ಢಿಕ್ಕಿ ಹೊಡೆಯಿತು, ನಾನದನ್ನು ಎತ್ತಿ ಹಿಂದಕ್ಕಿಟ್ಟು ದಿಂಬು ಒತ್ತಿದೆ, ಆಗಲೂ ಕೈಯಡಿಯಲ್ಲಿ ಅದುರುತ್ತಿತ್ತು. ಅಷ್ಟೂ ಹೇಳಿದೆ. ನೀನು ಕಣ್ಣು ಒರೆಸಿಕೊಳ್ಳಲಿಲ್ಲ, ಈರುಳ್ಳಿ ಹೆಚ್ಚುವವರ ಕಣ್ಣೀರನ್ನು ಯಾರೂ ಲೆಕ್ಕಕ್ಕಿಡುವುದಿಲ್ಲವಲ್ಲ. "ಅವನು ಹಾಗೇ. ಹಿಡಿದಿದ್ದು ಬಿಡೋನಲ್ಲ. ಚಿಕ್ಕೋನಾಗಿದ್ದಾಗ ನಾನು ಬಚ್ಚಲಲ್ಲಿದ್ರೂ ಹೀಗೇ ಬಾಗಿಲು ಬಡೀತಿದ್ದ" ಎಂದು ನಕ್ಕೆ. ಅಣ್ಣನ ವಿಷಯಕ್ಕೆ ನೀನು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ನನ್ನಿಂದ ನಿನಗೆ ಏನಾದರೂ ಸಿಕ್ಕಿದ್ದರೆ ಅದೊಂದೇ, ಅದನ್ನೂ ನೀನೇ ಕೇಳಿ ಪಡೆದದ್ದು.

ಈಗ ನಿನ್ನೆಯ ವಿಷಯಕ್ಕೆ ಬರುತ್ತೇನೆ. ನೆರೆಯ ಮೇಲೆ ಮೊದಲ ಸಲ ಹತ್ತು ದಿನದ ಶಿಬಿರ ಮತ್ತೆ ನಡೆಯುತ್ತದೆ, ದೊಡ್ಡಮ್ಮ ಬೀಗದ ಕೈಯನ್ನು ಮತ್ತೆ ನನ್ನ ಮಡಿಲಿಗೇ ಎಸೆದಿದ್ದಾರೆ. ಅರ್ಜಿಯಲ್ಲಿ ಈಗೊಂದು ಹೊಸ ಪ್ರಶ್ನೆಯಿದೆ: 'ನಿಮ್ಮ ಫೋನು ಯಾರ ಬಳಿ ಇರಬೇಕು?' ಯಾರನ್ನಾದರೂ ಬರೆಯಬಹುದು. ಇಲ್ಲಿಯವರೆಗೆ ಬಂದ ಅರ್ಜಿಗಳಲ್ಲಿ ಕೆಲವರು ಮನೆಯಲ್ಲೇ ಬಿಟ್ಟು ಬರುತ್ತೇವೆ ಎಂದಿದ್ದಾರೆ, ಉಳಿದವರೆಲ್ಲ ದೊಡ್ಡಮ್ಮ ಎಂದಿದ್ದಾರೆ. ನನ್ನ ಹೆಸರು ಒಬ್ಬರೂ ಬರೆದಿರಲಿಲ್ಲ, ಬರೆಯಬೇಕೆಂದು ನಾನು ಬಯಸಿಯೂ ಇರಲಿಲ್ಲ. ನಿನ್ನೆ ಟಪಾಲಿನಲ್ಲಿ ನಿನ್ನ ಅರ್ಜಿ ಬಂತು. ನೀನು ಮತ್ತೆ ಬರುತ್ತೀಯ ಎಂಬುದೇ ನನಗೆ ಗೊತ್ತಿರಲಿಲ್ಲ, ಗುರುವಾರ ಬಾಯಿಬಿಟ್ಟಿರಲಿಲ್ಲ ಕಳ್ಳಿ. ಆ ಪ್ರಶ್ನೆಯೆದುರು ನಿನ್ನ ದುಂಡು ಅಕ್ಷರದಲ್ಲಿ ಬರೆದಿತ್ತು: 'ಶ್ಶ್ ಅಕ್ಕನ ಕೈಯಲ್ಲಿ. ಆಫ್ ಮಾಡಲ್ಲ. ಅಮ್ಮ ಒಬ್ಬಳೇ ಇರ್ತಾಳೆ, ಫೋನ್ ಮಾಡಬಹುದು.'

ಕ್ಷಮಿಸಿದ್ದೇನೆ ಎಂದು ಎಲ್ಲಾದರೂ ಬರೆದಿದ್ದೀಯೇನೋ ಎಂದು ಹಾಳೆ ಮಗುಚಿ ಹಿಂದೆಯೂ ನೋಡಿದೆ. ಬರೆದಿಲ್ಲ. ಬೇಡ, ಬರೆಯಬೇಡ. ನಿನ್ನ ಅಮ್ಮನ ಕರೆಯನ್ನು ನನ್ನ ಕೈಗೆ ಒಪ್ಪಿಸಿದ್ದೀಯ, ಅದಕ್ಕಿಂತ ಹೆಚ್ಚು ನನಗೆ ಹೊರಲಾಗುವುದಿಲ್ಲ. ನಾನು ಆ ಹಾಳೆಯನ್ನು ಎದೆಗೊತ್ತಿಕೊಂಡು ಆಫೀಸಿನಲ್ಲಿ ಗಟ್ಟಿಯಾಗಿ ಅತ್ತೆ. ದೊಡ್ಡಮ್ಮ ಕಿಟಕಿಯಿಂದ ಇಣುಕಿ, ಕದ ಎಳೆದುಕೊಂಡು ಹೋದರು.

ಕೇಳು. ನಿನ್ನ ಫೋನು ಕಪಾಟಿಗೆ ಹೋಗುವುದಿಲ್ಲ, ಹತ್ತು ದಿನವೂ ನನ್ನ ಸ್ವೆಟರಿನ ಜೇಬಿನಲ್ಲಿರುತ್ತದೆ, ಸ್ನಾನಕ್ಕೆ ಹೋದರೆ ದೊಡ್ಡಮ್ಮನ ಕೈಯಲ್ಲಿ. ಚಾರ್ಜರ್ ಮರೆಯದೆ ತಾ. ನಿನ್ನ ಆಸನವನ್ನು ಬಾಗಿಲ ಪಕ್ಕಕ್ಕೇ ಹಾಕಿಸುತ್ತೇನೆ. ಫೋನು ಒಂದು ಸಲ ಅದುರಿದರೆ ಸಾಕು, ಎರಡನೆಯದಕ್ಕೆ ಕಾಯುವುದಿಲ್ಲ. ಮೆಲ್ಲಗೆ ಬಂದು ಭುಜ ಮುಟ್ಟುತ್ತೇನೆ ಎಂದುಕೊಳ್ಳಬೇಡ, ಅಷ್ಟು ಹೊತ್ತು ಯಾರಿಗಿದೆ? ಬಾಗಿಲು ತಳ್ಳಿ, ಕಣ್ಣು ಮುಚ್ಚಿ ಕೂತ ಅಷ್ಟೂ ಜನ ಬೆಚ್ಚಿಬಿದ್ದರೂ ಸರಿಯೇ, ನಿನ್ನ ಹೆಸರು ಹಿಡಿದು ಕೂಗುತ್ತೇನೆ.

ಅಮ್ಮ ಚೆನ್ನಾಗಿರಲಿ. ಊಟವಾಯಿತಾ ಎಂದು ಕೇಳಲಷ್ಟೇ ಅವರು ನಿನಗೆ ಫೋನು ಮಾಡುವಂತಾಗಲಿ. ನಿನ್ನ ಬೆನ್ನು ಹಗುರವಾಗಲಿ, ನಿದ್ದೆ ಸಿಗಲಿ. ನೀನು ನಿಶ್ಚಿಂತೆಯಿಂದ ಕಣ್ಣು ಮುಚ್ಚಿ ಕೂತುಕೋ ತಂಗಿ, ಹೊರಗೆ ನಾನು ಎಚ್ಚರವಾಗಿರುತ್ತೇನೆ.

ಇಂತಿ,
ನಿನ್ನ ಋಣದಲ್ಲಿರುವ
ಶ್ಶ್ ಅಕ್ಕ